ಹುಳುವಿನ ತಾಯಿ ಯಾರು?

ಚೆನ್ನಾಗಿ ಮಾಗಿದ ಪೇರಲ ಹಣ್ಣೊಂದನ್ನು ಹೋಳು ಮಾಡಿದೊಡನೆ ತಿರುಳಿನಲ್ಲಿ ಬೆಳ್ಳಗಿನ ಸಣ್ಣ ಹುಳುಗಳು ಮಿಸುಕಾಡುವುದನ್ನು ನಮ್ಮಲ್ಲಿ ಕಾಣದವರು ಯಾರು? ಹೊರಗಿನಿಂದ ನೋಡಿದರೆ ಹಣ್ಣಿನ ಮೇಲೆ ಗಾಯವೇನೂ ಇರುವುದಿಲ್ಲ. ಇದ್ದರೆ ಸೂಜಿಯ ಮೊನೆ ತಾಗಿದಂಥ ಒಂದು ಚುಕ್ಕೆ ಮಾತ್ರ. ಹುಳು ಹಣ್ಣಿನೊಳಗೆ ತಾನಾಗಿಯೇ ಹುಟ್ಟಿತೆಂದು ಹೇಳಿ ಅದನ್ನು ತಿಪ್ಪೆಗೆಸೆಯುವವರು ಇಂದಿಗೂ ಇದ್ದಾರೆ. ಆದರೆ ಆ ಚುಕ್ಕೆಯೇ ಬಾಗಿಲು. ಕೆಲವು ದಿನಗಳ ಹಿಂದೆ ಒಂದು ಹೆಣ್ಣು ನೊಣ ಬಂದು, ತನ್ನ ಹೊಟ್ಟೆಯ ತುದಿಯಲ್ಲಿರುವ ಚೂಪಾದ ಕೊಳವೆಯನ್ನು ಸಿಪ್ಪೆಯಲ್ಲಿ ಚುಚ್ಚಿ, ತತ್ತಿಗಳನ್ನಿಟ್ಟು ಹಾರಿಹೋಗಿದೆ. ತತ್ತಿ ಒಂದೆರಡು ದಿನಗಳಲ್ಲಿ ಒಡೆದು ಹುಳುವಾಗುತ್ತದೆ. ಹುಳು ತಿರುಳನ್ನು ತಿಂದು ಬೆಳೆದು, ಹಣ್ಣಿನಿಂದ ಹೊರಬಿದ್ದು, ಮಣ್ಣಿನಲ್ಲಿ ಕೋಶವಾಗುತ್ತದೆ. ಕೋಶದಿಂದ ಮತ್ತೆ ನೊಣ. ಬೆಚ್ಚಗಿನ ದಿನಗಳಲ್ಲಿ ಈ ಸುತ್ತೆಲ್ಲ ಮೂರು ನಾಲ್ಕು ವಾರಗಳಲ್ಲಿ ಮುಗಿಯುವುದುಂಟು.

ಹುಳುವಿನ ತಾಯಿ ನೊಣವೆಂಬುದೇನೋ ಗೊತ್ತಾಯಿತು. ಆದರೆ ಯಾವ ನೊಣ? ಇದು ಬೇರೆಯೇ ಪ್ರಶ್ನೆ. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯಲ್ಲಿಯೂ ಛಾಯಾಚಿತ್ರ ತೆಗೆಯುವ ಮೊಬೈಲು ಇರುವುದರಿಂದ, ಚಿತ್ರವೊಂದನ್ನು ನೋಡಿ ನೊಣದ ಹೆಸರನ್ನು ಹೇಳಲು ಸಾಧ್ಯವೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿ ಚಿಕ್ಕೋಡಿ, ರಾಯಬಾಗ ಮತ್ತು ಅಥಣಿ ಎಂಬ ಹಳೆಯ ತಾಲೂಕುಗಳೂ, ಈಚೆಗೆ ಸ್ವತಂತ್ರ ತಾಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡಗಳೂ ಇವೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆಯುವ ಕಬ್ಬು, ನಿಪ್ಪಾಣಿಯ ತಂಬಾಕು, ಇವುಗಳ ಹೆಸರು ದೂರದವರಿಗೂ ಗೊತ್ತು. ಆದರೆ ಹಿತ್ತಲಿನ ಪೇರಲ, ಬದುವಿನ ಮಾವು ಮತ್ತು ಬಾರೆ, ಚಪ್ಪರದ ಹೀರೆ ಮತ್ತು ಹಾಗಲ, ಅಥಣಿಯ ಕಡೆಯ ದ್ರಾಕ್ಷಿ, ಇವೂ ಈ ಸೀಮೆಯ ಬೆಳೆಗಳೇ. ಇಲ್ಲಿಯ ಮೂವರು ವಿದ್ಯಾರ್ಥಿಗಳು ಮೂರು ಛಾಯಾಚಿತ್ರಗಳನ್ನು ತಂದು ನಮ್ಮ ಮೇಜಿನ ಮೇಲಿಟ್ಟರೆಂದು ಭಾವಿಸಿರಿ. ಮೊದಲನೆಯದು ಚಿಕ್ಕೋಡಿಯದು: ಪೇರಲ ಕಾಯಿಯ ಮೇಲೆ ಕುಳಿತ, ಬೆನ್ನು ಕಪ್ಪಾದ ಒಂದು ನೊಣ. ಎರಡನೆಯದು ರಾಯಬಾಗದ್ದು: ಹಾಗಲ ಬಳ್ಳಿಯ ಎಲೆಯ ಕೆಳಗೆ ಅಡಗಿದ ಕೆಂಗಂದು ನೊಣ. ಮೂರನೆಯದು ಅಥಣಿಯದು: ಒಡೆದು ಕೊಳೆಯತೊಡಗಿದ ದ್ರಾಕ್ಷಿಯ ಗೊಂಚಲಿನ ಮೇಲೆ ಕೆಂಗಣ್ಣಿನ ಪುಟ್ಟ ನೊಣಗಳು. ಮೂರೂ ಚಿತ್ರಗಳ ಕೆಳಗೆ ಬರೆದಿರುವುದು ಒಂದೇ ಹೆಸರು: ‘ಹಣ್ಣಿನ ನೊಣ’. ನಿಪ್ಪಾಣಿಯ ಕಡೆ ಮರಾಠಿಯಾಡುವವರು ‘ಫಳಮಾಶಿ’ ಎಂದಾರು, ಅರ್ಥವು ಅದೇ.

ಮೊದಲು ಈ ಹೆಸರಿನ ತೊಡಕನ್ನು ಬಿಡಿಸಬೇಕು. ಹಣ್ಣಿನ ನೊಣವೆಂದು ಕರೆಯಿಸಿಕೊಳ್ಳುವ ಕೀಟಗಳಲ್ಲಿ ಎರಡು ಕುಟುಂಬಗಳಿವೆ. ಟೆಫ್ರಿಟಿಡೇ ಎಂಬುದು ಒಂದು. ಇದರ ನೊಣಗಳು ಹೆಚ್ಚುಕಡಮೆ ಮನೆಯ ನೊಣದಷ್ಟು ದೊಡ್ಡವು. ಗಟ್ಟಿಯಾದ ಹಣ್ಣುಕಾಯಿಗಳನ್ನೇ ಚುಚ್ಚಿ ತತ್ತಿಯಿಡುವುದು ಇವುಗಳ ಪದ್ಧತಿ. ಡ್ರೊಸೊಫಿಲಿಡೇ ಎಂಬುದು ಇನ್ನೊಂದು; ಇವು ಎರಡು ಮೂರು ಮಿಲಿಮೀಟರಿನ ಕಿರಿನೊಣಗಳು, ಬಹುತೇಕ ಹುಳಿತ ಹಣ್ಣಿನ ಮೇಲೆ ಮುತ್ತುವಂಥವು. ಕಾಲೇಜಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಅನುವಂಶಿಕತೆಯ ಪಾಠಕ್ಕೆ ಬರುವ ಡ್ರೊಸೊಫಿಲ ಈ ಎರಡನೆಯ ಮನೆತನಕ್ಕೆ ಸೇರಿದುದು. ಆದಕಾರಣ ಅಥಣಿಯ ಚಿತ್ರವನ್ನು ಸದ್ಯಕ್ಕೆ ಬದಿಗಿಟ್ಟು, ಚಿಕ್ಕೋಡಿಯ ಪೇರಲಕ್ಕೆ ಬರೋಣ.

ಬೆನ್ನು, ಮೋರೆ, ರೆಕ್ಕೆ

ಚಿಕ್ಕೋಡಿಯ ನೊಣವನ್ನು ಅವಸರದಲ್ಲಿ ನೋಡಿದವರು ಕಣಜವೆಂದು ಬೆದರಿದರೂ ಬೆದರಬಹುದು. ಸಣ್ಣ ನಡು, ಹಳದಿ-ಕಪ್ಪು ಬಣ್ಣ, ಕಣಜದಂತೆಯೇ ಅದರ ನಡಿಗೆ. ಆದರೆ ಕಣಜಕ್ಕೆ ಎರಡು ಜೊತೆ ರೆಕ್ಕೆಗಳು, ನೊಣಕ್ಕೆ ಒಂದೇ ಜೊತೆ. ಇದು ಬ್ಯಾಕ್ಟ್ರೊಸೆರ ಎಂಬ ಜಾತಿಯ ನೊಣ. ಈ ಜಾತಿಯೊಳಗೆ ಹಲವು ನೂರು ಪ್ರಭೇದಗಳುಂಟು. ನಮ್ಮ ಕಡೆ ಪೇರಲ, ಮಾವುಗಳಲ್ಲಿ ಹುಳು ಬೀಳಿಸುವವುಗಳಲ್ಲಿ ಮುಖ್ಯವಾದವು ಮೂರು: ಡಾರ್ಸಾಲಿಸ್, ಕರೆಕ್ಟ, ಝೋನೇಟ. ಇವು ಅಕ್ಕತಂಗಿಯರಂತೆ ಒಂದನ್ನೊಂದು ಹೋಲುತ್ತವೆ. ಇವನ್ನು ಬೇರ್ಪಡಿಸಬೇಕಾದರೆ ಒಂದೇ ಗುರುತನ್ನು ನಂಬದೆ, ಬೆನ್ನು, ಮೋರೆ, ರೆಕ್ಕೆ ಮೂರನ್ನೂ ನೋಡಬೇಕು.

ಬೆನ್ನಿನಿಂದ ತೊಡಗೋಣ. ರೆಕ್ಕೆಗಳು ಹುಟ್ಟುವ ಎದೆಭಾಗದ ಮೇಲ್ಮೈಯೇ ಇಲ್ಲಿ ಬೆನ್ನು. ಡಾರ್ಸಾಲಿಸ್ ಮತ್ತು ಕರೆಕ್ಟಗಳಲ್ಲಿ ಅದು ಸಾಮಾನ್ಯವಾಗಿ ಕಪ್ಪು, ಝೋನೇಟದಲ್ಲಿ ಕೆಂಗಂದು. ಮೂರರಲ್ಲಿಯೂ ಬೆನ್ನಿನ ಎರಡು ಬದಿಗೆ ಒಂದೊಂದು ಹಳದಿ ಪಟ್ಟೆ ಇರುತ್ತದೆ, ನಡುವೆ ಪಟ್ಟೆಯಿಲ್ಲ. ಬೆನ್ನಿನ ಹಿಂದುಗಡೆಯ ತ್ರಿಕೋನಾಕೃತಿಯ ಸಣ್ಣ ಫಲಕವೂ ಮೂರರಲ್ಲಿ ಹಳದಿಯೇ. ಆದುದರಿಂದ ‘ಹಳದಿ ಪಟ್ಟೆಯಿದೆ, ಡಾರ್ಸಾಲಿಸ್ ಇರಬೇಕು’ ಎನ್ನುವುದು ‘ಹಣೆಯಲ್ಲಿ ಕುಂಕುಮವಿದೆ, ನಮ್ಮ ಸೀತವ್ವನೇ ಇರಬೇಕು’ ಎಂದಂತಾಯಿತು.

ಇನ್ನು ರೆಕ್ಕೆ. ನೊಣವು ರೆಕ್ಕೆಯನ್ನು ಹರಡಿ ಕುಳಿತಾಗ ಅದರ ಮುಂದಂಚನ್ನು ನೋಡಿರಿ. ಡಾರ್ಸಾಲಿಸ್‌ನ ರೆಕ್ಕೆಯಲ್ಲಿ ಬುಡದಿಂದ ತುದಿಯವರೆಗೆ ಮುಂದಂಚಿನ ಉದ್ದಕ್ಕೂ ತೆಳುವಾದ ಕಂದು ಅಂಚುಪಟ್ಟಿಯೊಂದು ಸೀರೆಯ ಸಣ್ಣ ಅಂಚಿನಂತೆ ಎಲ್ಲಿಯೂ ಕಡಿಯದೆ ಹರಿದಿರುತ್ತದೆ. ಕರೆಕ್ಟ ಮತ್ತು ಝೋನೇಟಗಳಲ್ಲಿ ಆ ಪಟ್ಟಿ ನಡುವೆಯೇ ಕಡಿದುಹೋಗಿ, ಸ್ವಲ್ಪ ದೂರ ರೆಕ್ಕೆ ಗಾಜಿನಂತೆ ತಿಳಿಯಾಗಿದ್ದು, ತುದಿಯಲ್ಲಿ ಮಾತ್ರ ಬೇರೆಯಾದ ಒಂದು ಕಂದು ಚುಕ್ಕೆ ಕಾಣಬರುತ್ತದೆ. ಇಷ್ಟು ಕಂಡರೆ ಡಾರ್ಸಾಲಿಸ್ ಒಂದು ಕಡೆಗೂ ಉಳಿದೆರಡು ಇನ್ನೊಂದು ಕಡೆಗೂ ಬೇರೆಯಾದವು.

ಕರೆಕ್ಟ, ಝೋನೇಟಗಳನ್ನು ಬೇರ್ಪಡಿಸುವುದಕ್ಕೆ ಮೋರೆಯನ್ನು ನೋಡಬೇಕು. ಎರಡು ಕಣ್ಣುಗಳ ನಡುವೆ, ಮೀಸೆಗಳ ಬುಡದಿಂದ ಕೆಳಗಿನ ಹಳದಿ ಭಾಗವೇ ಮೋರೆ. ಝೋನೇಟದ ಮೋರೆಯಲ್ಲಿ ದುಂಡನೆಯ ಎರಡು ಕಪ್ಪು ಬೊಟ್ಟುಗಳು ದೂರ ದೂರ ಇರುತ್ತವೆ. ಡಾರ್ಸಾಲಿಸ್‌ನಲ್ಲಿಯೂ ಎರಡು ಬೊಟ್ಟುಗಳೇ. ಕರೆಕ್ಟದಲ್ಲಾದರೋ ಆ ಬೊಟ್ಟುಗಳು ಅಡ್ಡಲಾಗಿ ಎಳೆದಂತೆ ಉದ್ದವಾಗಿ, ಒಂದನ್ನೊಂದು ಬಹುಮಟ್ಟಿಗೆ ಮುಟ್ಟಿ, ತುಟಿಯ ಮೇಲಿನ ಮೀಸೆಯಂತೆ ಒಂದು ಕಪ್ಪು ಗೆರೆಯಾಗಿರುತ್ತವೆ. ಬೆಜ್ಜಿ ಎಂಬ ಇಟಲಿಯ ವಿದ್ವಾಂಸನು 1916ರಲ್ಲಿ ಕರೆಕ್ಟವನ್ನು ವರ್ಣಿಸಿದನು. ಹೆಸರು ‘ಕರೆಕ್ಟ’ ಎಂದಿದೆಯೆಂದು ಗುರುತಿಸುವವನೂ ಕರೆಕ್ಟಾಗಿಯೇ ಇರುವನೆಂದು ನಂಬಬೇಕಾಗಿಲ್ಲ. ಮೋರೆ ಕಾಣದ ಚಿತ್ರದಲ್ಲಿ ಈ ನೊಣ ಎಂಥವರನ್ನೂ ತೊಡಕಿಗೆ ಸಿಕ್ಕಿಸೀತು.

ಹೊಟ್ಟೆಯ ಮೇಲಿನ ಗುರುತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಅದನ್ನೇ ಮೊದಲು ಕಾಣುತ್ತಾರೆ. ಡಾರ್ಸಾಲಿಸ್‌ನ ಕಿತ್ತಳೆ ಬಣ್ಣದ ಹೊಟ್ಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಒಂದು ಅಡ್ಡಗೆರೆ, ಅದರ ನಡುವಿನಿಂದ ಇಳಿದ ಒಂದು ಉದ್ದಗೆರೆ, ಎರಡೂ ಕಪ್ಪಾಗಿ, ಎದ್ದು ಕಾಣುತ್ತವೆ. ಆದರೆ ಈ ‘ಟಿ’ ಕರೆಕ್ಟದಲ್ಲಿಯೂ ಉಂಟು, ಇನ್ನೂ ಹಲವು ಪ್ರಭೇದಗಳಲ್ಲಿಯೂ ಉಂಟು. ಎಲ್ಲರಿಗೂ ಕಾಣುವ ಗುರುತೇ ಇಲ್ಲಿ ಎಲ್ಲಕ್ಕಿಂತ ಕಡಿಮೆ ಪ್ರಯೋಜನದ ಗುರುತು.

ಈಗ ಚಿಕ್ಕೋಡಿಯ ಚಿತ್ರವನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳಿರಿ. ಬೆನ್ನು ಕಪ್ಪು, ರೆಕ್ಕೆಯ ಅಂಚುಪಟ್ಟಿ ತುದಿಯವರೆಗೆ ಅಖಂಡವಾಗಿದೆ, ಹೊಟ್ಟೆಯ ತುದಿಯಲ್ಲಿ ಚೂಪಾದ ಕೊಳವೆ ಇರುವುದರಿಂದ ಇದು ಹೆಣ್ಣು. ಮೂರರಲ್ಲಿ ಒಂದನ್ನು ಆರಿಸಬೇಕೆಂದರೆ ಡಾರ್ಸಾಲಿಸ್ ಎನ್ನುವುದರಲ್ಲಿ ಸಂದೇಹವಿಲ್ಲ. ಆದರೆ ಆರಿಸಬೇಕಾದುದು ಮೂರರಲ್ಲಿಯೇ ಎಂದು ನಮಗೆ ಹೇಳಿದವರಾರು? ಈ ಮಾತಿಗೆ ಮುಂದೆ ಬರಬೇಕಾಗಿದೆ.

ಬಳ್ಳಿಯ ನೊಣಗಳು

ರಾಯಬಾಗದ ಹಾಗಲ ಬಳ್ಳಿಯ ನೊಣದಲ್ಲಿ ಬೆನ್ನಿನ ಎರಡು ಬದಿಯ ಹಳದಿ ಪಟ್ಟೆಗಳ ಜೊತೆಗೆ ನಡುವೆ ಮೂರನೆಯದೊಂದು ಪಟ್ಟೆಯಿದೆ. ಇಷ್ಟರಿಂದಲೇ ಇದು ಹಿಂದೆ ಹೇಳಿದ ಮೂವರು ಅಕ್ಕತಂಗಿಯರಲ್ಲೊಂದಲ್ಲವೆಂದು ಗೊತ್ತಾಗುತ್ತದೆ. ಸೌತೆ, ಹೀರೆ, ಹಾಗಲ, ಕುಂಬಳಗಳನ್ನು ಕೆಡಿಸುವ ಝ್ಯೂಗೊಡೇಕಸ್ ಜಾತಿಯ ನೊಣವಿದು. ಇದರಲ್ಲಿ ಮುಖ್ಯವಾದುದು ಕುಕರ್ಬಿಟೇ. ಇದನ್ನು 1899ರಲ್ಲಿ ಕೊಕಿಲೆಟ್ ಎಂಬವನು ಹವಾಯಿ ದ್ವೀಪದ ನೊಣಗಳಿಂದ ವರ್ಣಿಸಿದನು. ಇದರ ರೆಕ್ಕೆಯ ತುದಿಯಲ್ಲಿ ಅಗಲವಾದ ಕಂದು ಮಚ್ಚೆಯಿದ್ದು, ರೆಕ್ಕೆಯ ಒಳಗಿನ ಅಡ್ಡನರಗಳ ಮೇಲೂ ಹೊಗೆ ಹಿಡಿದಂತೆ ಕಂದು ಬಣ್ಣ ಹರಡಿರುತ್ತದೆ. ಇದರ ನೆಂಟನಾದ ಟಾವ್ ಎಂಬ ಪ್ರಭೇದಕ್ಕೂ ನಡುಪಟ್ಟೆಯುಂಟು, ರೆಕ್ಕೆಯ ತುದಿಯಲ್ಲಿ ಮಚ್ಚೆಯೂ ಉಂಟು. ಆದರೆ ಅಡ್ಡನರಗಳ ಮೇಲಿನ ಹೊಗೆಬಣ್ಣ ಇಲ್ಲ, ಬೆನ್ನಿನ ಮೇಲೆ ಕಪ್ಪು ಚಿತ್ತಾರ ಹೆಚ್ಚು. ಇನ್ನೂ ಸೂಕ್ಷ್ಮವಾದ ಭೇದವೊಂದು ಬೆನ್ನಿನ ಹಿಂದಿನ ತ್ರಿಕೋನ ಫಲಕದ ಅಂಚಿನಲ್ಲಿದೆ: ಅಲ್ಲಿಯ ಬಿರುಗೂದಲುಗಳು ಕುಕರ್ಬಿಟೇಯಲ್ಲಿ ಸಾಮಾನ್ಯವಾಗಿ ಎರಡು, ಟಾವ್‌ನಲ್ಲಿ ನಾಲ್ಕು. ಕೂದಲೆಣಿಸಿ ಹೆಸರು ಹೇಳುವುದೆಂದರೆ ನಗೆ ಬಂದೀತು. ಆದರೆ ಕೀಟಶಾಸ್ತ್ರಜ್ಞರು ಬಹುಕಾಲದಿಂದ ಇದನ್ನೇ ಮಾಡುತ್ತ ಬಂದಿದ್ದಾರೆ. ಬಣ್ಣ ಮಾಸುತ್ತದೆ, ಕೂದಲಿನ ಸ್ಥಾನ ಸುಲಭವಾಗಿ ಬದಲಾಗುವುದಿಲ್ಲ. ಕೂದಲು ಉದುರಿದರೂ ಅದರ ಬುಡದ ಕುಳಿ ಉಳಿದಿರುತ್ತದೆ.

ಬಳ್ಳಿತರಕಾರಿಗಳಲ್ಲಿ ಮೂರನೆಯವನೊಬ್ಬನಿದ್ದಾನೆ, ಡೇಕಸ್ ಸಿಲಿಯೇಟಸ್. ಇದರ ಬೆನ್ನಿನ ಮೇಲೆ ಹಳದಿ ಪಟ್ಟೆಗಳೇ ಇಲ್ಲ. ಹೊಟ್ಟೆಯ ಖಂಡಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಬೇರೆ ನೊಣಗಳಲ್ಲಿ ಕಾಣುವ ಸಂದುಗಳು ಇದರಲ್ಲಿ ಕಾಣುವುದಿಲ್ಲ. ಚಿತ್ರ ಸ್ಪಷ್ಟವಾಗಿದ್ದರೆ ಇದನ್ನು ಗುರುತಿಸುವುದು ಕಷ್ಟವಲ್ಲ. ಕಾಗವಾಡದ ಕಡೆಯ ಬಾರೆಹಣ್ಣಿನಿಂದ ಹೊರಡಬಹುದಾದ ಕಾರ್ಪೊಮಿಯ ವೆಸುವಿಯಾನ ಎಂಬ ನೊಣವಂತೂ ಇನ್ನೂ ಸುಲಭ. ಅದರ ರೆಕ್ಕೆಯಲ್ಲಿ ಹಳದಿಗಂದು ಅಡ್ಡಪಟ್ಟೆಗಳು, ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳು. ಬಾರೆಹಣ್ಣಿನಿಂದ ಕರೆಕ್ಟವೂ ಹೊರಬರುವುದುಂಟೆಂಬುದನ್ನು ಮಾತ್ರ ಮರೆಯಬಾರದು. ಯಾವ ಹಣ್ಣಿನಲ್ಲಿ ಸಿಕ್ಕಿತೆಂಬುದು ಒಂದು ಸುಳಿವೇ ಹೊರತು ಸಾಕ್ಷಿಯಲ್ಲ.

ಹೆಸರಿನಿಂದೇನು?

ಪೇರಲವನ್ನು ಯಾವ ನೊಣ ಕೆಡಿಸಿದರೂ ಕೆಟ್ಟದ್ದು ಕೆಟ್ಟಿತು, ಹೆಸರಿನಿಂದ ರೈತನಿಗೇನು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಬಿಹಾರದ ಪೂಸಾದಲ್ಲಿ ನಡೆದ ಒಂದು ಸಂಗತಿಯೇ ಉತ್ತರ ಕೊಡುತ್ತದೆ. ಅಲ್ಲಿಯ ಕೃಷಿ ಸಂಶೋಧನಾಲಯದಲ್ಲಿ ಹೌಲೆಟ್ ಎಂಬ ಕೀಟಶಾಸ್ತ್ರಜ್ಞನಿದ್ದನು. ಸೊಳ್ಳೆಗಳನ್ನು ದೂರವಿಡುವುದಕ್ಕೆಂದು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣಗಳು ಮುತ್ತುವುದು ಅವನ ಗಮನಕ್ಕೆ ಬಂದಿತು. ವಿಚಿತ್ರವೆಂದರೆ ಮುತ್ತಿದವೆಲ್ಲ ಗಂಡುಗಳು. 1912ರಲ್ಲಿ ಅವನು ಇದನ್ನು ಪ್ರಕಟಿಸಿದನು. 1915ರಲ್ಲಿ, ಗಂಡುಗಳನ್ನು ಸೆಳೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂದು ತೋರಿಸಿದನು. ಇದೇ ವಸ್ತು ತುಳಸಿಯ ಎಲೆಯಲ್ಲಿಯೂ ಇದೆ. ತುಳಸಿಯನ್ನು ಜಜ್ಜಿ ಮಾವಿನ ತೋಪಿನಲ್ಲಿ ನೊಣಗಳಿಗೆ ಒಡ್ಡುವ ರೂಢಿಯ ರಹಸ್ಯವಿದು. ಇಂದು ತೋಟಗಳಲ್ಲಿ ತೂಗುಹಾಕುವ ಮೋಹಕ ಬಲೆಗಳೊಳಗಿನ ಮರದ ತುಂಡಿಗೆ ಉಣಿಸಿರುವುದೂ ಮಾವು ಪೇರಲಗಳ ಮಟ್ಟಿಗೆ ಈ ಮೀಥೈಲ್ ಯೂಜಿನಾಲೇ.

ಆದರೆ ಈ ವಾಸನೆಗೆ ಮರುಳಾಗುವವು ಡಾರ್ಸಾಲಿಸ್, ಕರೆಕ್ಟ, ಝೋನೇಟಗಳು. ಕುಕರ್ಬಿಟೇ ಮತ್ತು ಟಾವ್ ಇದರತ್ತ ಸುಳಿಯುವುದಿಲ್ಲ. ಅವುಗಳಿಗೆ ಕ್ಯೂ-ಲೂರ್ ಎಂಬ ಬೇರೆ ವಸ್ತು ಬೇಕು. ಡೇಕಸ್ ಸಿಲಿಯೇಟಸ್‌ಗೋ ಇವೆರಡೂ ರುಚಿಸವು. ರಾಯಬಾಗದ ಹಾಗಲದ ಹೊಲದಲ್ಲಿ ಮಾವಿನ ತೋಪಿನ ಬಲೆಯನ್ನು ತಂದು ಕಟ್ಟಿದರೆ, ನಾಲ್ಕಾರು ದಿನಗಳ ಮೇಲೆ ಬಲೆ ಬರಿದಾಗಿರುವುದನ್ನು ನೋಡಿ ‘ನಮ್ಮಲ್ಲಿ ನೊಣವಿಲ್ಲ’ ಎಂದು ರೈತನು ನೆಮ್ಮದಿಯಿಂದ ಇರಬಹುದು. ಅಷ್ಟರಲ್ಲಿ ಕಾಯಿಗಳೆಲ್ಲ ಸೊಟ್ಟಗಾಗಿ ಕೊಳೆತಿರುತ್ತವೆ. ಕ್ಯೂ-ಲೂರ್ ಬಲೆಯೂ ಬರಿದಾಗಿದ್ದು ಕಾಯಿಯಲ್ಲಿ ಹುಳುವಿದ್ದರೆ ಸಿಲಿಯೇಟಸ್‌ನ ಮೇಲೆ ಸಂಶಯಪಡಬೇಕು. ಬೆನ್ನಿನ ಮೇಲೆ ಪಟ್ಟೆಗಳೆಷ್ಟೆಂದು ಎಣಿಸುವುದು ಹೀಗೆ ಹೊಟ್ಟೆಯ ಪ್ರಶ್ನೆಯೇ ಆಗುತ್ತದೆ.

ಜಪಾನಿನ ಓಕಿನಾವ ದ್ವೀಪಗಳಲ್ಲಿ ಬಂಜೆಗೊಳಿಸಿದ ಗಂಡು ನೊಣಗಳನ್ನು ವರ್ಷಗಟ್ಟಲೆ ಬಿಟ್ಟು, 1993ರ ಹೊತ್ತಿಗೆ ಕುಕರ್ಬಿಟೇಯನ್ನು ಸಂಪೂರ್ಣವಾಗಿ ನಿರ್ಮೂಲ ಮಾಡಿದರು. ಬಂಜೆ ಗಂಡು ಕೂಡುವುದು ತನ್ನ ಪ್ರಭೇದದ ಹೆಣ್ಣಿನೊಡನೆ. ಬೇರೆ ಪ್ರಭೇದದ ನೊಣಗಳನ್ನು ಕೋಟಿಗಟ್ಟಲೆ ಬಿಟ್ಟರೂ ಫಲವಿಲ್ಲ. ಇನ್ನು ವ್ಯಾಪಾರದ ಮಾತು. 2013ರಲ್ಲಿ ನಮ್ಮ ದೇಶದಿಂದ ಹೋದ ಹಣ್ಣು ತರಕಾರಿಗಳ 207 ಸರಕುಗಳಲ್ಲಿ ಹಣ್ಣಿನ ನೊಣ ಮೊದಲಾದ ಕೀಟಗಳು ಸಿಕ್ಕವೆಂಬ ಕಾರಣದಿಂದ ಐರೋಪ್ಯ ಒಕ್ಕೂಟವು 2014ರ ಮೇ ತಿಂಗಳಿನಿಂದ ಮಾವು, ಹಾಗಲ, ಪಡವಲ, ಬದನೆ, ಕೆಸವುಗಳ ಆಮದನ್ನು ನಿಷೇಧಿಸಿತು. ಮಾವಿನ ಮೇಲಿನ ನಿಷೇಧವನ್ನು ಮರುವರ್ಷದ ಆರಂಭದಲ್ಲಿ ತೆಗೆದರು. ಒಂದು ಋತುವಿನ ಮಾವು ಹೋದರೆ ಬೆಳೆದವನಿಗೆ ಅದು ಒಂದು ವರ್ಷದ ದುಡಿಮೆ.

ಚಿತ್ರವು ಹೇಳಲಾರದ್ದು

ಇಷ್ಟು ಗುರುತುಗಳಿದ್ದ ಮೇಲೆ ಛಾಯಾಚಿತ್ರದಿಂದ ಎಲ್ಲವನ್ನೂ ಹೇಳಬಹುದಲ್ಲವೇ? ಇಲ್ಲ. ನಿಪ್ಪಾಣಿಯ ಮಾವಿನ ತೋಪಿನ ಬಲೆಯೊಳಗೆ ಸತ್ತು ಬಿದ್ದ ನೊಣಗಳ ರಾಶಿಯ ಚಿತ್ರವನ್ನು ಯಾರಾದರೂ ತಂದರೆಂದುಕೊಳ್ಳಿರಿ. ಸತ್ತು ಬಹಳ ದಿನವಾದ ನೊಣದ ಹಳದಿ ಪಟ್ಟೆ ಕಂದಿ ಕಪ್ಪಾಗುತ್ತದೆ. ಕೆಂಗಂದು ಬೆನ್ನೂ ಕಪ್ಪಾಗಿ ತೋರುತ್ತದೆ. ಇದಕ್ಕೆ ವಿರುದ್ಧವಾಗಿ, ಕೋಶದಿಂದ ಆಗತಾನೆ ಹೊರಬಂದ ನೊಣಕ್ಕೆ ಬಣ್ಣವಿನ್ನೂ ಏರಿರುವುದಿಲ್ಲ. ಡಾರ್ಸಾಲಿಸ್‌ನ ಕೂಸು ಝೋನೇಟದಂತೆ ಕಂಡೀತು. ಸಾಲದುದಕ್ಕೆ, ಬೆಳೆದ ಡಾರ್ಸಾಲಿಸ್‌ಗಳಲ್ಲಿಯೇ ಬೆನ್ನಿನ ಬಣ್ಣ ಅಚ್ಚಗಪ್ಪಿನಿಂದ ಕಂದಿನವರೆಗೆ ನಾನಾ ಬಗೆಯಾಗಿರುತ್ತದೆ.

ಈ ಬಣ್ಣದ ವೈವಿಧ್ಯವೇ ಒಮ್ಮೆ ಪಂಡಿತರನ್ನೂ ದಾರಿ ತಪ್ಪಿಸಿತು. 2003ರಲ್ಲಿ ಆಫ್ರಿಕದ ಕೀನ್ಯದಲ್ಲಿ ಮಾವನ್ನು ಕೆಡಿಸುವ ಹೊಸ ನೊಣವೊಂದು ಕಂಡುಬಂದಿತು. ಅದು ಏಷ್ಯದಿಂದ ಬಂದುದೆಂದು ತಿಳಿಯಿತು; ಶ್ರೀಲಂಕೆಯಲ್ಲಿಯೂ ಅಂಥ ನೊಣಗಳಿದ್ದವು. ಡಾರ್ಸಾಲಿಸ್‌ನಂತೆಯೇ ಇದ್ದರೂ ಬೆನ್ನಿನ ಬಣ್ಣದಲ್ಲಿ ಬೇರೆಯಾಗಿ ತೋರಿದುದರಿಂದ 2005ರಲ್ಲಿ ಅದಕ್ಕೆ ಇನ್ವಾಡೆನ್ಸ್, ಎಂದರೆ ‘ದಾಳಿಯಿಡುವುದು’, ಎಂಬ ಹೊಸ ಹೆಸರನ್ನಿಟ್ಟರು. ಇದಕ್ಕೆ ಮುಂಚೆ 1994ರಲ್ಲಿ ಆಗ್ನೇಯ ಏಷ್ಯದ ಇದೇ ಬಗೆಯ ನೊಣಗಳಿಗೆ ಪಪಾಯೇ, ಫಿಲಿಪಿನೆನ್ಸಿಸ್ ಎಂಬ ಹೆಸರುಗಳೂ ಬಂದಿದ್ದವು. ಹೆಸರು ಬೇರೆಯಾದರೆ ಕಾನೂನೂ ಬೇರೆ: ನಮ್ಮಲ್ಲಿ ಆ ಪ್ರಭೇದವಿಲ್ಲ, ನಿಮ್ಮ ಹಣ್ಣು ಬೇಡ ಎಂದು ಒಂದು ದೇಶ ಇನ್ನೊಂದಕ್ಕೆ ಹೇಳಬಹುದು. ಕಡೆಗೆ ಹಲವು ದೇಶಗಳ ಸಂಶೋಧಕರು ಕೂಡಿ ಇವನ್ನು ಒಟ್ಟಿಗೆ ಸಾಕಿದರು, ಒಂದು ಬಗೆಯ ಗಂಡು ಇನ್ನೊಂದು ಬಗೆಯ ಹೆಣ್ಣನ್ನು ಕೂಡುವುದೇ, ಮರಿಗಳು ಫಲವತ್ತಾಗಿರುವುವೇ ಎಂದು ನೋಡಿದರು, ಡಿ.ಎನ್.ಎ.ಯನ್ನೂ ಗಂಡುಗಳು ಹೊರಸೂಸುವ ಗಂಧವನ್ನೂ ಹೋಲಿಸಿದರು. ಯಾವುದರಲ್ಲಿಯೂ ಗಡಿ ಸಿಕ್ಕಲಿಲ್ಲ. 2015ರಲ್ಲಿ ಆ ಹೆಸರುಗಳನ್ನೆಲ್ಲ ಡಾರ್ಸಾಲಿಸ್‌ನಲ್ಲಿಯೇ ವಿಲೀನಗೊಳಿಸಿದರು. ಇದೇ ಪರೀಕ್ಷೆಯಲ್ಲಿ ಕ್ಯಾರಂಬೋಲೇ ಎಂಬ ಇನ್ನೊಂದು ನೊಣ ಮಾತ್ರ ಬೇರೆಯೇ ಪ್ರಭೇದವೆಂದು ಉಳಿಯಿತು. ಕಣ್ಣಿಗೆ ಬೇರೆಯಾಗಿ ಕಂಡುದು ಒಂದಾಗಿರಬಹುದು, ಒಂದಾಗಿ ಕಂಡುದು ಬೇರೆಯಾಗಿರಬಹುದು. ಚಿತ್ರದಲ್ಲಿರುವುದು ನೊಣದ ಮೈ ಮಾತ್ರ, ಅದು ಯಾರನ್ನು ಕೂಡುವುದೆಂಬುದಲ್ಲ.

ಇದಕ್ಕಿಂತ ತೀವ್ರವಾದ ಉದಾಹರಣೆ ನಮ್ಮ ಮೈಸೂರಿನಲ್ಲಿಯೇ ಇದೆ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಡ್ರೊಸೊಫಿಲ ನಸೂಟ ಮತ್ತು ಆಲ್ಬೊಮಿಕನ್ಸ್ ಎಂಬ ಎರಡು ಬಗೆಯ ನೊಣಗಳ ಮೇಲೆ ದೀರ್ಘಕಾಲದ ಸಂಶೋಧನೆ ನಡೆದಿದೆ. ನೋಡಲು ಒಂದೇ ಎರಕದಲ್ಲಿ ಹೊಯ್ದಂತಿವೆ. ಆದರೆ ಜೀವಕೋಶದೊಳಗಿನ ವರ್ಣತಂತುಗಳನ್ನು ಎಣಿಸಿದರೆ ನಸೂಟದಲ್ಲಿ 8, ಆಲ್ಬೊಮಿಕನ್ಸ್‌ನಲ್ಲಿ 6. ಎಂಥ ಒಳ್ಳೆಯ ಮೊಬೈಲಿನ ಚಿತ್ರವಾದರೂ ಈ ಎಂಟನ್ನಾಗಲಿ ಆರನ್ನಾಗಲಿ ತೋರಿಸಲಾರದು.

ಈಗ ಅಥಣಿಯ ದ್ರಾಕ್ಷಿಯ ಚಿತ್ರ. ಅದರ ಕಿರಿನೊಣಗಳು ಡ್ರೊಸೊಫಿಲಗಳೆಂಬುದು ನಿಶ್ಚಯ. ಅವುಗಳಲ್ಲೊಂದರ ರೆಕ್ಕೆಯ ತುದಿಯ ಬಳಿ ಕಪ್ಪಾದ ಒಂದು ಮಚ್ಚೆ ಕಾಣುತ್ತದೆ. ಈ ಚಿತ್ರವನ್ನು ಗಣಕಯಂತ್ರಕ್ಕೆ ತೋರಿಸಿದರೆ ಅದು ‘ಡ್ರೊಸೊಫಿಲ ಸುಝುಕಿ’ ಎಂದರೂ ಎಂದೀತು. ಸುಝುಕಿ ಎಂಬುದು 2008ರಿಂದೀಚೆಗೆ ಅಮೆರಿಕ, ಯೂರೋಪುಗಳ ಹಣ್ಣಿನ ತೋಟಗಳನ್ನು ಪೀಡಿಸುತ್ತಿರುವ ನೊಣ. ಅದರ ಹೆಣ್ಣಿನ ತತ್ತಿಯಿಡುವ ಅಂಗಕ್ಕೆ ಗರಗಸದಂಥ ಗಟ್ಟಿ ಹಲ್ಲುಗಳಿರುವುದರಿಂದ, ಉಳಿದ ಡ್ರೊಸೊಫಿಲಗಳಂತೆ ಕೊಳೆತುದಕ್ಕೆ ಕಾಯದೆ ಆರೋಗ್ಯವಾದ ಹಣ್ಣನ್ನೇ ಅದು ಕೊಯ್ಯಬಲ್ಲದು. ಅಥಣಿಯ ದ್ರಾಕ್ಷಿಯಲ್ಲಿ ಸುಝುಕಿ ಬಂದಿದೆಯೆಂಬ ಸುದ್ದಿ ಹಬ್ಬಿದರೆ ಎಷ್ಟು ಗಾಬರಿಯಾದೀತೆಂದು ಯೋಚಿಸಿರಿ! ಆದರೆ ಗಂಡಿನ ರೆಕ್ಕೆಯ ಮೇಲೆ ಇಂಥದೇ ಮಚ್ಚೆಯಿರುವ ಇನ್ನೊಂದು ಪ್ರಭೇದ ನಮ್ಮ ದೇಶದಲ್ಲಿಯೇ ಇದೆ: ಡ್ರೊಸೊಫಿಲ ಬೈಆರ್ಮಿಪಿಸ್. 1924ರಲ್ಲಿ ಮ್ಯಾಲೊಕ್ ಎಂಬವನು ಇದನ್ನು ಕೊಯಮತ್ತೂರಿನ ನೊಣಗಳಿಂದ ವರ್ಣಿಸಿದನು. ಇದರ ಹೆಣ್ಣಿಗೆ ಆ ದೊಡ್ಡ ಗರಗಸವಿಲ್ಲ. ಗಂಡಿನ ರೆಕ್ಕೆಯೊಂದರಿಂದಲೇ ತೀರ್ಪು ಕೊಡದೆ, ಹೆಣ್ಣನ್ನು ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಈ ಚಿತ್ರದ ಕೆಳಗೆ ‘ಡ್ರೊಸೊಫಿಲ, ಪ್ರಭೇದ ತಿಳಿಯದು’ ಎಂದು ಬರೆಯುವುದೇ ಸರಿಯಾದ ಗುರುತಿಸುವಿಕೆ. ಗಣಕಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ತಾನು ನೋಡಿದ ಚಿತ್ರಗಳಿಂದ ಕಲಿಯುತ್ತದೆ, ಹೆಚ್ಚು ನೋಡಿದುದನ್ನೇ ಹೆಚ್ಚಾಗಿ ಹೇಳುತ್ತದೆ. ಸುಝುಕಿಯ ಚಿತ್ರಗಳು ಲೋಕದಲ್ಲಿ ಬಹಳ. ಕೊಯಮತ್ತೂರಿನ ನೊಣದ ಚಿತ್ರಗಳನ್ನು ತೆಗೆದವರು ಕಡಿಮೆ. ಅದನ್ನು ತುಂಬಿಕೊಡುವುದು ನಿಮ್ಮಂಥವರ ಕೈಯಲ್ಲಿದೆ.

ಚಿತ್ರ ತೆಗೆಯುವ ಬಗೆ

ಅದಕ್ಕೆ ಒಳ್ಳೆಯ ದಾರಿಯೆಂದರೆ, ತೋಟದಲ್ಲಿ ನೊಣವನ್ನು ಅಟ್ಟಾಡಿಸದೆ, ಹುಳುವಿದ್ದ ಹಣ್ಣನ್ನೇ ಮನೆಗೆ ತರುವುದು. ಅಗಲ ಬಾಯಿಯ ಗಾಜಿನ ಭರಣಿಯೊಂದರಲ್ಲಿ ಎರಡು ಬೆರಳು ಎತ್ತರ ಒಣ ಮರಳು ಹಾಕಿ, ಅದರ ಮೇಲೆ ಹಣ್ಣನ್ನಿಟ್ಟು, ತೆಳುವಾದ ಬಟ್ಟೆಯಿಂದ ಬಾಯಿ ಕಟ್ಟಿರಿ. ಹಣ್ಣು ರಸ ಬಿಟ್ಟು ಮರಳು ಒದ್ದೆಯಾಗದಂತೆ ನೋಡಿಕೊಳ್ಳಬೇಕು. ಕೆಲವು ದಿನಗಳಲ್ಲಿ ಹುಳುಗಳು ಹೊರಬಂದು, ಮೈಯನ್ನು ಬಿಲ್ಲಿನಂತೆ ಬಾಗಿಸಿ ಟಣ್ಣನೆ ನೆಗೆಯುವುದನ್ನು ನೋಡುವುದೇ ಒಂದು ಮೋಜು. ಮುಂದೆ ಒಂದೆರಡು ವಾರಗಳಲ್ಲಿ ಮರಳಿನೊಳಗಿನ ಗೋದಿಯ ಕಾಳಿನಂಥ ಕೋಶಗಳಿಂದ ನೊಣಗಳು ಏಳುತ್ತವೆ. ಕೂಡಲೇ ಚಿತ್ರ ತೆಗೆಯಬೇಡಿರಿ. ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಕೊಟ್ಟು ಮೂರು ನಾಲ್ಕು ದಿನ ಸಾಕಿರಿ. ಅಷ್ಟರಲ್ಲಿ ಬಣ್ಣ ನೆಲೆಗೊಳ್ಳುತ್ತದೆ. ಆ ಮೇಲೆ ನೊಣವನ್ನು ಸಣ್ಣ ಸೀಸೆಯೊಳಗಿಟ್ಟು ತಂಪುಪೆಟ್ಟಿಗೆಯಲ್ಲಿ ಕೆಲವು ನಿಮಿಷ ಇರಿಸಿದರೆ ಅದು ಜಡವಾಗಿ, ಹಾರದೆ ಕುಳಿತಿರುತ್ತದೆ. ಮೊಬೈಲಿನ ಮಸೂರದ ಮುಂದೆ ಒಂದು ಭೂತಗನ್ನಡಿಯನ್ನು ಹಿಡಿದರೂ ಸಾಕು, ಕೂದಲುಗಳವರೆಗೆ ಕಂಡಾವು. ನೇರ ಬಿಸಿಲು ಬೇಡ. ಹೊಳಪಿನಲ್ಲಿ ಹಳದಿಯು ಬಿಳಿಯಾಗುತ್ತದೆ. ಬಿಳಿಯ ಕಾಗದದ ಮೇಲೆ ಅಳತೆಪಟ್ಟಿಯ ಒಂದು ತುಂಡನ್ನು ಜೊತೆಗಿಟ್ಟರೆ ನೊಣದ ಗಾತ್ರವೂ ತಿಳಿಯುತ್ತದೆ.

ಒಂದು ನೊಣಕ್ಕೆ ನಾಲ್ಕು ಚಿತ್ರಗಳು ಬೇಕು: ಮೇಲಿನಿಂದ ಬೆನ್ನು ಮತ್ತು ಹೊಟ್ಟೆ, ಎದುರಿನಿಂದ ಮೋರೆ, ಹರಡಿದ ರೆಕ್ಕೆ, ಪಕ್ಕದಿಂದ ಕಾಲುಗಳು. ಚಿತ್ರದ ಜೊತೆಗೆ ಊರು, ದಿನಾಂಕ, ಯಾವ ಹಣ್ಣಿನಿಂದ ಬಂದಿತು ಎಂಬಿಷ್ಟನ್ನು ಬರೆದಿಡಿರಿ; ನೊಣವನ್ನೂ ಎಸೆಯದೆ ಸ್ಪಿರಿಟ್ಟಿನ ಸೀಸೆಯಲ್ಲಿ ಹಾಕಿಡಿರಿ. ನಿಮ್ಮ ಚಿತ್ರಗಳನ್ನು ಹೋಲಿಸಿ ನೋಡುವುದಕ್ಕೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳ ಕೆಲಸ ಸಹಾಯಕವಾಗಿದೆ. ಡೇವಿಡ್ ಮತ್ತು ರಮಣಿಯವರು 2011ರಲ್ಲಿ ದಕ್ಷಿಣ ಭಾರತದ ಹಾಗೂ ಅಂಡಮಾನ್ ನಿಕೋಬಾರ್ ದ್ವೀಪಗಳ ಹಣ್ಣಿನ ನೊಣಗಳಿಗೆ ಸಚಿತ್ರವಾದ ಗುರುತಿನ ಕೀಲಿಕೈಯನ್ನು ಪ್ರಕಟಿಸಿದ್ದಾರೆ.

ನಾಲ್ಕನೆಯ ಚಿತ್ರ, ಕಾಲುಗಳದ್ದು, ಏಕೆ ಬೇಕೆಂದು ಕೇಳುವಿರಾದರೆ ಚಿಕ್ಕೋಡಿಯ ಪೇರಲಕ್ಕೆ ಮರಳಬೇಕು. ದಕ್ಷಿಣ ಭಾರತದಲ್ಲಿ ಬ್ಯಾಕ್ಟ್ರೊಸೆರ ಕ್ಯಾರಿಯೇ ಎಂಬ ಇನ್ನೊಂದು ಪ್ರಭೇದವಿದೆ; 1971ರಲ್ಲಿ ಕಪೂರ್ ಅವರು ಅದನ್ನು ವರ್ಣಿಸಿದರು. ಕಪ್ಪು ಬೆನ್ನು, ಹಳದಿ ಪಟ್ಟೆಗಳು, ಅಖಂಡವಾದ ಅಂಚುಪಟ್ಟಿ, ಹೊಟ್ಟೆಯ ಮೇಲೆ ‘ಟಿ’, ಎಲ್ಲವೂ ಡಾರ್ಸಾಲಿಸ್‌ನಂತೆಯೇ. ಮೀಥೈಲ್ ಯೂಜಿನಾಲಿನ ಬಲೆಗೂ ಡಾರ್ಸಾಲಿಸ್‌ನ ಜೊತೆಯಲ್ಲಿಯೇ ಬಂದು ಬೀಳುತ್ತದೆ. ಆದರೆ ಅದರ ಮುಂಗಾಲಿನ ತೊಡೆಯ ಹೊರಮೈಯಲ್ಲಿ ದೊಡ್ಡದೊಂದು ಕಪ್ಪು ಮಚ್ಚೆಯಿರುತ್ತದೆ. ಡಾರ್ಸಾಲಿಸ್‌ನ ತೊಡೆ ಮಚ್ಚೆಯಿಲ್ಲದೆ ಹಳದಿಯಾಗಿರುತ್ತದೆ. ಚಿಕ್ಕೋಡಿಯ ಚಿತ್ರವನ್ನು ಮೇಲಿನಿಂದ ತೆಗೆದಿರುವುದರಿಂದ ನೊಣದ ಮುಂಗಾಲುಗಳು ಮೈಯ ಕೆಳಗೆ ಮರೆಯಾಗಿವೆ. ಆ ವಿದ್ಯಾರ್ಥಿಗೆ ನಾವು ಬರೆಯಬೇಕಾದ ಉತ್ತರ ಇಷ್ಟೇ: ‘ನಿಮ್ಮ ನೊಣ ಡಾರ್ಸಾಲಿಸ್ ಇರಬಹುದು, ಕ್ಯಾರಿಯೇಯೂ ಇರಬಹುದು. ಅದೇ ಮರದ ಹಣ್ಣನ್ನು ಮರಳಿನ ಭರಣಿಯಲ್ಲಿಟ್ಟು, ಹೊರಬಂದ ನೊಣವೊಂದರ ಮುಂಗಾಲು ಕಾಣುವಂತೆ ಪಕ್ಕದಿಂದ ಇನ್ನೊಂದು ಚಿತ್ರವನ್ನು ತೆಗೆದು ಕಳಿಸಿರಿ.’